ಅಪರೂಪದ ಸ್ವಪ್ರತಿಕಾಯಗಳು: ಯಾವಾಗ ಹುಡುಕಬೇಕು, ಹೇಗೆ ಓದಬೇಕು

(ಶಿರಸಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿ ಸೇರಿರುವ ಹಿರಿಯರಿಗೆ, ತಾಯಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ ಮತ್ತು ವೃತ್ತಿಬಾಂಧವರಿಗೆ ನಮಸ್ಕಾರ.

ಪ್ರತಿಕಾಯ ಎಂಬ ಮಾತು ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಮಂಗನ ಕಾಯಿಲೆಯನ್ನು ಕಂಡಿರುವ ಸಿದ್ದಾಪುರದ ಹಳ್ಳಿಗಳಲ್ಲಿ, ಮಳೆಗಾಲದಲ್ಲಿ ಇಲಿಜ್ವರ ಮತ್ತು ಡೆಂಗಿಯ ಭಯವಿರುವ ಕರಾವಳಿಯ ಊರುಗಳಲ್ಲಿ, ಜ್ವರ ಬಂದವರ ರಕ್ತದಲ್ಲಿ ಐಜಿಎಂ ಎಂಬ ಬಗೆಯ ಪ್ರತಿಕಾಯ ಇದೆಯೇ ಎಂದು ನೋಡುವುದನ್ನು ನೀವೆಲ್ಲ ಕೇಳಿದ್ದೀರಿ. ಹೊರಗಿನಿಂದ ಬಂದ ರೋಗಾಣುವನ್ನು ಗುರುತಿಸಿ ಹಿಡಿಯುವುದಕ್ಕಾಗಿ ದೇಹ ತಯಾರಿಸುವ ಪ್ರೋಟೀನೇ ಪ್ರತಿಕಾಯ. ಇದೇ ಪ್ರೋಟೀನು ಕೆಲವರಲ್ಲಿ ತನ್ನದೇ ದೇಹದ ಜೀವಕೋಶವನ್ನೋ, ಜೀವಕೋಶದೊಳಗಿನ ಒಂದು ಕಿಣ್ವವನ್ನೋ ಹಿಡಿಯತೊಡಗಿದರೆ ಅದನ್ನು ಸ್ವಪ್ರತಿಕಾಯ ಎನ್ನುತ್ತೇವೆ. ಇವುಗಳ ಪೈಕಿ ಅಪರೂಪದವು ಕೆಲವನ್ನು ಕುರಿತು ಇಂದು ಮಾತನಾಡುತ್ತೇನೆ. ಇವು ಬೇಕಾದಾಗ ನಾವು ಹುಡುಕುವುದಿಲ್ಲ, ಬೇಡವಾದಾಗ ಹುಡುಕಿ ಗಾಬರಿಯಾಗುತ್ತೇವೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ.

ದೇಹ ತನ್ನ ಮೇಲೆ ತಾನೇ ತಿರುಗಿಬೀಳಬಹುದು ಎಂಬುದನ್ನು ವಿಜ್ಞಾನಿಗಳು ಮೊದಲಿಗೆ ಒಪ್ಪಿರಲಿಲ್ಲ. ಜರ್ಮನಿಯ ಪಾಲ್ ಎರ್ಲಿಖ್ 1901ರ ಸುಮಾರಿಗೆ, ಅಂಥ ಆತ್ಮಘಾತವನ್ನು ದೇಹ ಹೇಗೋ ತಡೆದುಕೊಳ್ಳುತ್ತದೆ ಎಂದು ವಾದಿಸಿದರು. ಆದರೆ 1904ರಲ್ಲೇ ಡೋನಾತ್ ಮತ್ತು ಲ್ಯಾಂಡ್‌ಸ್ಟೈನರ್ ಅವರು, ಚಳಿಗೆ ಮೈಯೊಡ್ಡಿದ ಮೇಲೆ ಕೆಂಪು ಮೂತ್ರ ಹೋಗುವ ರೋಗಿಗಳ ರಕ್ತದಲ್ಲಿ ತಮ್ಮದೇ ಕೆಂಪು ರಕ್ತಕಣಗಳನ್ನು ಒಡೆಯುವ ವಸ್ತುವಿದೆ ಎಂದು ತೋರಿಸಿದರು. ಅದು ತಂಪಿನಲ್ಲಿ ಕಣಕ್ಕೆ ಅಂಟುತ್ತದೆ, ಬೆಚ್ಚಗಾದಾಗ ಕಣ ಒಡೆಯುತ್ತದೆ. ಈ ಲ್ಯಾಂಡ್‌ಸ್ಟೈನರ್ ಅವರೇ ರಕ್ತದ ಗುಂಪುಗಳನ್ನು ಕಂಡುಹಿಡಿದವರು. ಅಂದರೆ ಕಾಯಿಲೆ ತರುವ ಸ್ವಪ್ರತಿಕಾಯಕ್ಕೆ ಮೊದಲ ಪುರಾವೆ ಸಿಕ್ಕಿದ್ದೇ ಒಂದು ಅಪರೂಪದ ಕಾಯಿಲೆಯಲ್ಲಿ.

ಇಂದು ಹೆಚ್ಚು ಜನರಿಗೆ ಪರಿಚಯವಿರುವ ಪರೀಕ್ಷೆ ಎ.ಎನ್.ಎ., ಅಂದರೆ ಕೋಶಕೇಂದ್ರವನ್ನು ಹಿಡಿಯುವ ಸ್ವಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ. ಅದನ್ನು ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ಗೊಂದಲಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಹೆಪ್-2 ಎಂಬ ಮಾನವ ಜೀವಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ಕೂರಿಸಿರುತ್ತಾರೆ. ರೋಗಿಯ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವನ್ನು, ತೆಳುಮಾಡಿ ಅದರ ಮೇಲೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದು, ಮಾನವ ಪ್ರತಿಕಾಯಕ್ಕೆ ಅಂಟುವ ಹೊಳೆಯುವ ಬಣ್ಣವನ್ನು ಹಾಕುತ್ತಾರೆ. ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ, ಸ್ವಪ್ರತಿಕಾಯ ಅಂಟಿದ ಜಾಗ ಹಸಿರಾಗಿ ಹೊಳೆಯುತ್ತದೆ. ಕೆಲವರಲ್ಲಿ ಕೋಶಕೇಂದ್ರ ಪೂರ್ತಿ ಒಂದೇ ಸಮನೆ ಬೆಳಗುತ್ತದೆ, ಕೆಲವರಲ್ಲಿ ಚುಕ್ಕೆ ಚುಕ್ಕೆಯಾಗಿ, ಇನ್ನು ಕೆಲವರಲ್ಲಿ ಕೇಂದ್ರ ಕಪ್ಪಾಗಿಯೇ ಉಳಿದು ಸುತ್ತಲಿನ ಕೋಶದ್ರವ ಮಾತ್ರ ಬೆಳಗುತ್ತದೆ. ಸೀರಮ್ಮನ್ನು ಎಷ್ಟು ಪಟ್ಟು ತೆಳುಮಾಡುವವರೆಗೆ ಹೊಳಪು ಉಳಿಯುತ್ತದೆ ಎಂಬುದನ್ನು 1:80, 1:160, 1:320 ಎಂದು ಬರೆಯುತ್ತಾರೆ.

ಆರೋಗ್ಯವಂತರ ರಕ್ತವನ್ನು ಹೀಗೆ ಪರೀಕ್ಷಿಸಿದ ಹಲವು ದೇಶಗಳ ಜಂಟಿ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. 1:40ರಲ್ಲಿ ನೂರಕ್ಕೆ ಸುಮಾರು 32 ಜನರಲ್ಲಿ, 1:80ರಲ್ಲಿ 13 ಜನರಲ್ಲಿ, 1:160ರಲ್ಲಿ 5 ಜನರಲ್ಲಿ, 1:320ರಲ್ಲಿಯೂ 3 ಜನರಲ್ಲಿ ಎ.ಎನ್.ಎ. ಪಾಸಿಟಿವ್ ಬಂದಿತ್ತು. ಇವರೆಲ್ಲ ಕಾಯಿಲೆಯಿಲ್ಲದವರು. ಇನ್ನೊಂದು ಕಡೆ, ಅಮೆರಿಕದ ಸೇನೆಯವರು ಕಾದಿರಿಸಿದ ಹಳೆಯ ಸೀರಮ್ ಬಳಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೂಪಸ್ ಎಂಬ ಸ್ವಪ್ರತಿಕಾಯದ ಕಾಯಿಲೆ ಆದ 130 ಜನರ ಪೈಕಿ 115 ಜನರ ರಕ್ತದಲ್ಲಿ ಕಾಯಿಲೆ ಪತ್ತೆಯಾಗುವ ಮೊದಲೇ ಒಂದಾದರೂ ಸ್ವಪ್ರತಿಕಾಯವಿತ್ತು, ಕೆಲವರಲ್ಲಿ ಒಂಬತ್ತು ವರ್ಷಗಳಿಗೂ ಮೊದಲೇ ಇತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಾಯಿಲೆ ಬರುವವರಲ್ಲಿ ಸ್ವಪ್ರತಿಕಾಯ ಮೊದಲೇ ಬರುತ್ತದೆ ಎಂಬುದು ನಿಜ. ಸ್ವಪ್ರತಿಕಾಯ ಬಂದವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಕ್ಷಯ, ಕುಷ್ಠ, ಚಿಕೂನ್‌ಗುನ್ಯಾದಂಥ ಸೋಂಕುಗಳಲ್ಲೂ ರುಮಟಾಯ್ಡ್ ಫ್ಯಾಕ್ಟರ್ ಮುಂತಾದ ಸ್ವಪ್ರತಿಕಾಯಗಳು ಪಾಸಿಟಿವ್ ಬರಬಹುದು ಎಂಬುದನ್ನು ನಮ್ಮಂಥ ಊರುಗಳಲ್ಲಿ ಮರೆಯುವಂತಿಲ್ಲ.

ಈಗ ಅಪರೂಪದವುಗಳಿಗೆ ಬರುತ್ತೇನೆ. ಜೋ-1 ಎಂಬ ಸ್ವಪ್ರತಿಕಾಯದಿಂದ ಆರಂಭಿಸಲು ಕಾರಣವಿದೆ, ಅದು ತೋರಿಸುವ ಲಕ್ಷಣ ನಮ್ಮ ತೋಟಪಟ್ಟಿಯಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ಪ್ರೋಟೀನು ತಯಾರಾಗಬೇಕಾದರೆ ಒಂದೊಂದು ಅಮೈನೋ ಆಮ್ಲವನ್ನೂ ಅದರದರ ವಾಹಕ ಆರ್‌ಎನ್‌ಎಗೆ ಜೋಡಿಸುವ ಕಿಣ್ವಗಳು ಬೇಕು. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಜೋಡಿಸುವ ಕಿಣ್ವವನ್ನು ಜೋ-1 ಹಿಡಿಯುತ್ತದೆ. ಅದೇ ಬಗೆಯ ಬೇರೆ ಕಿಣ್ವಗಳನ್ನು ಹಿಡಿಯುವ ಪಿಎಲ್-7, ಪಿಎಲ್-12, ಇಜೆ, ಒಜೆ ಮುಂತಾದ ಇನ್ನೂ ಅಪರೂಪದ ಸ್ವಪ್ರತಿಕಾಯಗಳಿವೆ. ಇವುಗಳಲ್ಲಿ ಯಾವುದಾದರೊಂದು ಇರುವವರಲ್ಲಿ ಕಾಣುವ ಲಕ್ಷಣಗಳ ಗುಂಪಿಗೆ ಆಂಟಿಸಿಂಥೆಟೇಸ್ ಸಿಂಡ್ರೋಮ್ ಎಂದು ಹೆಸರು. ಸ್ನಾಯುಗಳ ಉರಿಯೂತ, ಕೀಲುನೋವು, ಬಿಟ್ಟೂಬಿಡದ ಜ್ವರ, ಚಳಿಗೆ ಬೆರಳು ಬಿಳುಚಿಕೊಂಡು ನೀಲಿಗಟ್ಟುವುದು, ಇವುಗಳ ಜೊತೆಗೆ ಶ್ವಾಸಕೋಶದ ಅಂಗಾಂಶ ಗಡುಸಾಗುತ್ತ ಹೋಗುವುದು ಇದರ ಮುಖ್ಯ ಲಕ್ಷಣಗಳು. ಪಿಎಲ್-7, ಪಿಎಲ್-12 ಇರುವವರಲ್ಲಿ ಸ್ನಾಯುವಿನ ತೊಂದರೆ ಎದ್ದು ಕಾಣದೆ ಶ್ವಾಸಕೋಶವೇ ಮುಂಚೂಣಿಯಲ್ಲಿರುವುದು ಹೆಚ್ಚು.

ಇವರ ಕೈಯನ್ನು ನೋಡಬೇಕು. ಹೆಬ್ಬೆರಳಿನ ಒಳಬದಿ, ತೋರುಬೆರಳಿನ ಹೆಬ್ಬೆರಳ ಕಡೆಯ ಅಂಚು, ಈ ಜಾಗಗಳಲ್ಲಿ ಚರ್ಮ ದಪ್ಪಗಾಗಿ, ಒರಟಾಗಿ, ಅಡ್ಡಡ್ಡ ಬಿರುಕು ಬಿಟ್ಟು, ಬಿರುಕಿನಲ್ಲಿ ಕೊಳೆ ಕಪ್ಪಾಗಿ ಕೂತಿರುತ್ತದೆ. ಗ್ಯಾರೇಜಿನಲ್ಲಿ ದುಡಿಯುವವರ ಕೈಯನ್ನು ಹೋಲುವುದರಿಂದ ವೈದ್ಯರು ಇದನ್ನು ಮೆಕ್ಯಾನಿಕ್ ಕೈ ಎಂದೇ ಕರೆಯುತ್ತಾರೆ. ಸುಗ್ಗಿಯಲ್ಲಿ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವ ಹೆಂಗಸಿನ ಕೈ, ಚೊಗರು ಹಿಡಿದು ಇದೇ ರೀತಿ ಕಪ್ಪಾಗಿ ಬಿರಿದಿರುತ್ತದೆ. ಮೀನು ಹೆಚ್ಚುವವರ, ಗೇರುಬೀಜ ಸುಲಿಯುವವರ ಕೈಗಳಲ್ಲೂ ಬಿರುಕು ಸಾಮಾನ್ಯ. ಹಾಗಾಗಿ ‘ಕೆಲಸದ ಕೈ’ ಎಂದು ರೋಗಿಯೂ ಹೇಳುತ್ತಾಳೆ, ನಾವೂ ನಂಬುತ್ತೇವೆ. ಬೇರ್ಪಡಿಸುವ ದಾರಿ ಕಷ್ಟದ್ದಲ್ಲ. ಕೆಲಸದಿಂದ ಬಂದ ಬಿರುಕು ಹೆಚ್ಚು ಬಳಸುವ ಕೈಯಲ್ಲಿ ಜಾಸ್ತಿಯಿದ್ದು, ಸುಗ್ಗಿ ಮುಗಿದು ಎಣ್ಣೆ ಹಚ್ಚಿಕೊಂಡರೆ ಕೆಲವು ವಾರಗಳಲ್ಲಿ ಮಾಯುತ್ತದೆ. ಕಾಯಿಲೆಯ ಬಿರುಕು ಎರಡೂ ಕೈಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ತುರಿಕೆ ಅಷ್ಟಾಗಿ ಇರುವುದಿಲ್ಲ, ಕೆಲಸ ಬಿಟ್ಟರೂ ಹೋಗುವುದಿಲ್ಲ. ಅಂಥ ಕೈಯವಳು ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದರೆ, ಒಣಕೆಮ್ಮು ತಿಂಗಳುಗಟ್ಟಲೆ ಇದ್ದರೆ, ನೆಲದಿಂದ ಏಳಲು ಕೈಯೂರಬೇಕಾಗಿದ್ದರೆ, ಬೆನ್ನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ಚೀಲದ ವೆಲ್ಕ್ರೋ ಪಟ್ಟಿಯನ್ನು ನಿಧಾನವಾಗಿ ಬಿಡಿಸಿದಂಥ ಸಣ್ಣ ಚರಚರ ಸದ್ದು ಉಸಿರೆಳೆದಾಗಲೆಲ್ಲ ಕೇಳಿದರೆ ಅದು ಗಂಭೀರ ಸೂಚನೆ.

ಇಲ್ಲಿ ಎರಡು ಕಡೆ ದಾರಿ ತಪ್ಪುತ್ತದೆ. ಕೆಮ್ಮು, ಜ್ವರ, ತೂಕ ಇಳಿದದ್ದು, ಎಕ್ಸ್‌-ರೇಯಲ್ಲಿ ನೆರಳು ಇವಿಷ್ಟನ್ನು ನೋಡಿ, ಕಫದಲ್ಲಿ ರೋಗಾಣು ಸಿಗದಿದ್ದರೂ ಕ್ಷಯದ ಮಾತ್ರೆ ಆರಂಭವಾಗುತ್ತದೆ ಎಂಬುದು ಮೊದಲನೆಯದು. ಎರಡನೆಯದು ಎ.ಎನ್.ಎ. ನೆಗೆಟಿವ್ ಬಂದಿದೆ, ಆದ್ದರಿಂದ ಆಟೋಇಮ್ಯೂನ್ (ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ) ಕಾಯಿಲೆಯಲ್ಲ ಎಂದು ಕಡತ ಮುಚ್ಚುವುದು. ಆ ಕಿಣ್ವಗಳು ಇರುವುದು ಕೋಶದ್ರವದಲ್ಲಿ, ಆದ್ದರಿಂದ ಸ್ಲೈಡಿನಲ್ಲಿ ಹೊಳೆಯುವುದೂ ಕೋಶದ್ರವವೇ. ಕೋಶಕೇಂದ್ರ ಕಪ್ಪಾಗಿದ್ದರೆ ಕೆಲವು ಪ್ರಯೋಗಾಲಯಗಳು ನೆಗೆಟಿವ್ ಎಂದು ಬರೆದುಬಿಡುತ್ತವೆ. ಸಂಶಯ ಬಲವಾಗಿದ್ದರೆ ವೈದ್ಯರು ಕೋಶದ್ರವದ ಹೊಳಪಿನ ಬಗ್ಗೆ ಪ್ರಯೋಗಾಲಯಕ್ಕೆ ಫೋನು ಮಾಡಿ ಕೇಳಬೇಕು, ಸ್ನಾಯು ಉರಿಯೂತದ ಸ್ವಪ್ರತಿಕಾಯಗಳನ್ನು ಹುಡುಕುವ ಮಯೋಸೈಟಿಸ್ ಪ್ರೊಫೈಲ್ ಎಂಬ ಪರೀಕ್ಷೆಯನ್ನು ಬೇರೆಯಾಗಿ ಬರೆದು ಕೊಡಬೇಕು, ಸಿ.ಕೆ. ಎಂಬ ಸ್ನಾಯುಕಿಣ್ವದ ಪ್ರಮಾಣ ನೋಡಬೇಕು, ಎದೆಯ ಸಿ.ಟಿ. ಮಾಡಿಸಬೇಕು. ಗಡುಸಾದ ಶ್ವಾಸಕೋಶ ಹಿಂದಿನ ಸ್ಥಿತಿಗೆ ಮರಳುವುದಿಲ್ಲ, ಉರಿಯೂತದ ಹಂತದಲ್ಲೇ ಹಿಡಿದರೆ ಸ್ಟಿರಾಯ್ಡ್ ಮತ್ತು ಮೈಕೋಫಿನೊಲೇಟ್‌ನಂಥ ಔಷಧಗಳಿಂದ ಬಹಳಷ್ಟು ಉಳಿಸಿಕೊಳ್ಳಬಹುದು.

ಇದೇ ಕುಟುಂಬದ ಇನ್ನು ಕೆಲವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಎಂಡಿಎ5 ಎಂಬ ಪ್ರೋಟೀನು ಜೀವಕೋಶದೊಳಗೆ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಕಾವಲುಗಾರ. ಅದರ ವಿರುದ್ಧದ ಸ್ವಪ್ರತಿಕಾಯವನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ವರ್ಣಿಸಿದರು. ಅದಿರುವವರಲ್ಲಿ ಸ್ನಾಯುಗಳು ಗಟ್ಟಿಯಾಗಿಯೇ ಇದ್ದು, ಚರ್ಮದಲ್ಲಿ ಹುಣ್ಣು ಕಾಣಿಸಿಕೊಂಡು, ಕೆಲವೇ ವಾರಗಳಲ್ಲಿ ಶ್ವಾಸಕೋಶ ಕೈಕೊಡಬಹುದು. ಇದರಲ್ಲಿ ಮಾತ್ರ ಕಾದು ನೋಡೋಣ ಎನ್ನುವ ಮಾತೇ ಇಲ್ಲ. ಟಿಐಎಫ್1-ಗಾಮಾ ಸ್ವಪ್ರತಿಕಾಯ ವಯಸ್ಕರಲ್ಲಿ ಸಿಕ್ಕರೆ ಒಳಗೆಲ್ಲೋ ಕ್ಯಾನ್ಸರ್ ಅಡಗಿದೆಯೇ ಎಂದು ಹುಡುಕಬೇಕು. ಮಕ್ಕಳಲ್ಲಿ ಅದಕ್ಕೆ ಆ ಅರ್ಥವಿಲ್ಲ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ನುಂಗುವವರಲ್ಲಿ ಮೈಕೈ ನೋವು ಬಂದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಿದಾಗ ಹೋಗುತ್ತದೆ. ನಿಲ್ಲಿಸಿದ ಮೇಲೂ ತೊಡೆ, ತೋಳುಗಳ ನಿಶ್ಶಕ್ತಿ ಹೆಚ್ಚುತ್ತ ಹೋದರೆ, ಆ ಮಾತ್ರೆ ತಡೆಯುವ ಕಿಣ್ವವನ್ನೇ ಹಿಡಿಯುವ ಎಚ್‌ಎಂಜಿಸಿಆರ್ ಸ್ವಪ್ರತಿಕಾಯ ನೋಡಬೇಕಾಗುತ್ತದೆ. ಇದನ್ನು ಕೇಳಿ ಯಾರೂ ಹೃದಯದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು ಎಂದು ಕೈಮುಗಿದು ಹೇಳುತ್ತೇನೆ.

ಎರಡನೆಯ ಮುಖ್ಯ ವಿಷಯ ಗರ್ಭಿಣಿಯರದ್ದು. ರೋ ಎಂಬ ಸ್ವಪ್ರತಿಕಾಯ ಅಷ್ಟೇನೂ ಅಪರೂಪವಲ್ಲ, ಅದರ ಅತ್ಯಂತ ಗಂಭೀರ ಪರಿಣಾಮ ಅಪರೂಪ. ಕಣ್ಣು, ಬಾಯಿ ಒಣಗುವ ಶೋಗ್ರೆನ್ ಕಾಯಿಲೆ ಮತ್ತು ಲೂಪಸ್ ಇರುವವರಲ್ಲಿ ಇದು ಕಾಣುತ್ತದೆಯಾದರೂ, ಏನೂ ತೊಂದರೆಯಿಲ್ಲದ ತಾಯಂದಿರಲ್ಲಿಯೂ ಇರುತ್ತದೆ. ತಾಯಿಯ ಐಜಿಜಿ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಹೋಗುವುದು ಪ್ರಕೃತಿಯ ವ್ಯವಸ್ಥೆ, ಹುಟ್ಟಿದ ಕೂಸಿಗೆ ಮೊದಲ ತಿಂಗಳುಗಳ ರಕ್ಷಣೆ ಅದರಿಂದಲೇ. ಅದೇ ದಾರಿಯಲ್ಲಿ ರೋ ಕೂಡ ದಾಟುತ್ತದೆ. ಇಂಥ ತಾಯಂದಿರಲ್ಲಿ ನೂರಕ್ಕೆ ಒಬ್ಬರು ಇಬ್ಬರ ಮಗುವಿನಲ್ಲಿ, ಹೆಚ್ಚಾಗಿ 18ರಿಂದ 24ನೇ ವಾರದೊಳಗೆ, ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ಸಾಗಿಸುವ ಅಂಗಾಂಶ ಉರಿಯೂತಕ್ಕೆ ಸಿಕ್ಕಿ ಕಲೆಗಟ್ಟುತ್ತದೆ. ಗರ್ಭದಲ್ಲಿರುವ ಮಗುವಿನ ಹೃದಯ ನಿಮಿಷಕ್ಕೆ 110ರಿಂದ 160 ಸಲ ಬಡಿಯಬೇಕು. ಇವರಲ್ಲಿ ಅದು ಅರವತ್ತರ ಆಸುಪಾಸಿಗೆ ಇಳಿಯುತ್ತದೆ.

ಇದನ್ನು ಮೊದಲು ಕಂಡುಹಿಡಿಯಬಲ್ಲವರು ದೊಡ್ಡಾಸ್ಪತ್ರೆಯ ತಜ್ಞರಲ್ಲ, ಉಪಕೇಂದ್ರದಲ್ಲಿ ಬಸುರಿಯ ಹೊಟ್ಟೆಗೆ ಡಾಪ್ಲರ್ ಇಟ್ಟು ಎದೆಬಡಿತ ಎಣಿಸುವ ನಮ್ಮ ಸಹೋದರಿಯರು. ಬಡಿತ 60 ಎಂದು ಕೇಳಿದಾಗ, ಇದು ತಾಯಿಯ ನಾಡಿಯೇ ಇರಬೇಕು ಎಂದು ಬರೆಯದೆ ಬಿಡುವ ಸಾಧ್ಯತೆಯಿದೆ. ಹಾಗೆ ಬಿಡುವ ಮೊದಲು ಒಂದು ಕೈಯಲ್ಲಿ ತಾಯಿಯ ಮಣಿಕಟ್ಟು ಹಿಡಿದು ನಾಡಿಯನ್ನೂ ಎಣಿಸಿ. ತಾಯಿಯದು 88 ಇದ್ದು, ಕಿವಿಗೆ ಕೇಳುತ್ತಿರುವುದು 60 ಆದರೆ ಎರಡೂ ಬೇರೆ ಬೇರೆ. ಅಂದೇ ಸ್ತ್ರೀರೋಗ ತಜ್ಞರಿಗೆ ತಿಳಿಸಿ, ಭ್ರೂಣದ ಹೃದಯದ ಸ್ಕ್ಯಾನ್ ಮಾಡಿಸಬೇಕು, ತಾಯಿಗೆ ರೋ ಪರೀಕ್ಷೆ ಮಾಡಿಸಬೇಕು. ಹೃದಯದ ವಿದ್ಯುತ್ ಸಂಕೇತಕ್ಕೆ ಸಂಪೂರ್ಣ ತಡೆ ಒಮ್ಮೆ ಉಂಟಾದರೆ ಅದು ವಾಸಿಯಾಗುವುದಿಲ್ಲ, ಅನೇಕ ಮಕ್ಕಳಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಆದರೂ ಮೊದಲೇ ಗೊತ್ತಾದರೆ ಹೆರಿಗೆಯನ್ನು ಆ ಸೌಲಭ್ಯವಿರುವ ಊರಿನಲ್ಲಿ ಮಾಡಿಸಬಹುದು, ಮಳೆಗಾಲದ ರಾತ್ರಿ ಘಟ್ಟ ಇಳಿಯುವ ಸ್ಥಿತಿ ಬರುವುದಿಲ್ಲ. ಮುಂದಿನ ಬಸಿರಿಗೂ ಈ ತಿಳಿವಳಿಕೆ ಬೇಕು. ಒಂದು ಮಗುವಿಗೆ ಹೀಗಾದ ಮೇಲೆ ಮತ್ತೊಂದಕ್ಕೆ ಆಗುವ ಸಂಭವ ನೂರಕ್ಕೆ ಸುಮಾರು 18. ಬಸಿರಿನ ಆರಂಭದಿಂದಲೇ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ಅದು 7-8ಕ್ಕೆ ಇಳಿಯುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹಳೆಯ ಮಲೇರಿಯಾ ಔಷಧದಿಂದಲೇ ಬಂದ, ನಮ್ಮ ಅಂಗಡಿಗಳಲ್ಲಿ ಸಿಗುವ ಮಾತ್ರೆಯಿದು.

ಸ್ವಪ್ರತಿಕಾಯವೇ ಹಾನಿ ಮಾಡುತ್ತದೆಯೋ, ಬರೀ ಗುರುತಾಗಿ ಇರುತ್ತದೆಯೋ ಎಂಬ ಹಳೆಯ ಪ್ರಶ್ನೆಗೂ ಈ ಮಕ್ಕಳೇ ಉತ್ತರ ಕೊಡುತ್ತಾರೆ. ತಾಯಿಯ ರೋ ಪ್ರತಿಕಾಯದಿಂದ ಕೆಲವು ಕೂಸುಗಳ ಮುಖದ ಮೇಲೆ ಕೆಂಪು ಮಚ್ಚೆ ಏಳುತ್ತದೆ. ಮಗುವಿನ ದೇಹ ಆ ಪ್ರತಿಕಾಯವನ್ನು ತಾನಾಗಿ ತಯಾರಿಸುವುದಿಲ್ಲವಾದ್ದರಿಂದ, ತಾಯಿಯಿಂದ ಬಂದದ್ದು ಕರಗುತ್ತ ಹೋದಂತೆ ಆರೆಂಟು ತಿಂಗಳಲ್ಲಿ ಮಚ್ಚೆಯೂ ಮಾಯವಾಗುತ್ತದೆ. ಎಲ್ಲ ಸ್ವಪ್ರತಿಕಾಯಗಳ ಬಗ್ಗೆಯೂ ಇಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ. ಜೋ-1ನ ಗುರಿ ಜೀವಕೋಶದ ಒಳಗಿದೆ, ಪ್ರತಿಕಾಯ ಅಲ್ಲಿಗೆ ಸುಲಭವಾಗಿ ತಲುಪಲಾರದು. ಹಾನಿಯ ದೊಡ್ಡ ಪಾಲು ಟಿ ಕಣಗಳು ಎಂಬ ಬಿಳಿ ರಕ್ತಕಣಗಳು ಮತ್ತು ಇಂಟರ್‌ಫೆರಾನ್‌ಗಳಂಥ ರಾಸಾಯನಿಕ ಸಂಕೇತಗಳಿಂದ ಆಗುತ್ತದೆಂದು ತಿಳಿಯಲಾಗಿದೆ.

ಆದರೆ ಗುರಿ ಜೀವಕೋಶದ ಹೊರಮೈಯಲ್ಲಿದ್ದರೆ ಪ್ರತಿಕಾಯದ ಪೆಟ್ಟು ನೇರವಾದದ್ದು, ಹಾಗಾಗಿ ಅದನ್ನು ತೆಗೆದರೆ ಚೇತರಿಕೆಯೂ ದೊಡ್ಡದು. ಮಿದುಳಿನ ನರಕೋಶಗಳ ಹೊರಮೈಯಲ್ಲಿ ಸಂಕೇತ ಹಿಡಿಯುವ ಎನ್‌ಎಂಡಿಎ ಗ್ರಾಹಕದ ವಿರುದ್ಧದ ಸ್ವಪ್ರತಿಕಾಯವನ್ನು ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು 2007ರಲ್ಲಿ ಗುರುತಿಸಿದರು. ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಲ್ಲಿ ಬರುವ ಕಾಯಿಲೆಯಿದು, ಕೆಲವರಲ್ಲಿ ಅಂಡಾಶಯದ ಟೆರಟೋಮ ಎಂಬ ಗಡ್ಡೆಯೇ ಮೂಲವಾಗಿರುತ್ತದೆ. ಮೊದಲು ತಲೆನೋವು, ಜ್ವರ. ಕೆಲವೇ ದಿನಗಳಲ್ಲಿ ನಿದ್ದೆಯಿಲ್ಲ, ಸಂಬಂಧವಿಲ್ಲದ ಮಾತು, ಯಾರೋ ಕಾಣಿಸುತ್ತಾರೆಂಬ ಭಯ. ಆಮೇಲೆ ಬಾಯಿ ಮತ್ತು ಕೈಗಳ ವಿಚಿತ್ರ ಚಲನೆ, ಫಿಟ್ಸ್, ಮಾತು ನಿಲ್ಲುವುದು. ಮನೆಯವರು ಕಂಗಾಲಾಗಿ ನೋಟ ಕೇಳಿಸುತ್ತಾರೆ. ಅವರ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ. ನೋಟ ಕೇಳಿಸಿದ ದಿನವೇ ಆಸ್ಪತ್ರೆಗೂ ಕರೆತನ್ನಿ ಎಂದಷ್ಟೇ ನನ್ನ ವಿನಂತಿ. ಹಿಂದೆಂದೂ ಮಾನಸಿಕ ತೊಂದರೆಯಿಲ್ಲದ ಹುಡುಗಿ ಹದಿನೈದು ದಿನಗಳಲ್ಲಿ ಹೀಗಾದರೆ ಬೆನ್ನುಹುರಿಯ ದ್ರವವನ್ನು ತೆಗೆದು ಪರೀಕ್ಷಿಸಬೇಕು, ರಕ್ತಕ್ಕಿಂತ ಆ ದ್ರವದ ಪರೀಕ್ಷೆ ನಂಬಲರ್ಹ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆ ಇದೆ. 577 ರೋಗಿಗಳ ಅಧ್ಯಯನವೊಂದರಲ್ಲಿ ಎರಡು ವರ್ಷಗಳ ಹೊತ್ತಿಗೆ ನೂರಕ್ಕೆ ಸುಮಾರು 80 ಜನ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದರು. ತಿಂಗಳುಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದವರೂ ಇದರಿಂದ ಎದ್ದು ಬಂದಿದ್ದಾರೆ.

ಜೀವಕೋಶದ ಹೊರಮೈಯಲ್ಲಿ ನೀರು ಸಾಗಿಸುವ ಅಕ್ವಾಪೋರಿನ್-4 ಎಂಬ ಪ್ರೋಟೀನಿನ ವಿರುದ್ಧದ ಸ್ವಪ್ರತಿಕಾಯದ ಕಥೆಯೂ ಹೀಗೆಯೇ. 2004ರಲ್ಲಿ ವಾಂಡಾ ಲೆನನ್ ಮತ್ತು ಸಂಗಡಿಗರು ಇದನ್ನು ಗುರುತಿಸಿದ ಮೇಲೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವೆಂದೇ ತಿಳಿದಿದ್ದ ಅನೇಕರ ಕಾಯಿಲೆ ಬೇರೆಯದೇ, ನ್ಯೂರೋಮಯಲೈಟಿಸ್ ಆಪ್ಟಿಕಾ, ಎಂದು ಗೊತ್ತಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಕೆಲವು ಔಷಧಗಳು ಇವರಿಗೆ ಕೇಡು ಮಾಡುತ್ತವಾದ್ದರಿಂದ ಈ ಭೇದ ತುಂಬ ಮುಖ್ಯ. ದೃಷ್ಟಿ ಮಂಕಾಗುವುದು, ಕಾಲು ಸೋಲುವುದು ಗೊತ್ತಿರುವ ಲಕ್ಷಣಗಳು. ಬಿಡದ ಬಿಕ್ಕಳಿಕೆ ಮತ್ತು ವಾಂತಿಯಿಂದಲೂ ಇದು ಆರಂಭವಾಗಬಹುದು, ಅಂಥವರು ಹೊಟ್ಟೆಯ ವೈದ್ಯರ ಬಳಿಯೇ ಸುತ್ತುತ್ತಿರುತ್ತಾರೆ. ಈ ಕಾಯಿಲೆಯ ಕುರಿತು ನಮ್ಮ ಪಕ್ಕದ ಮಂಗಳೂರಿನಲ್ಲೇ, ಡಾ. ಲೇಖಾ ಪಂಡಿತ್ ಅವರ ನೇತೃತ್ವದಲ್ಲಿ, ಮಹತ್ವದ ಸಂಶೋಧನೆ ನಡೆದಿದೆ ಎಂಬುದು ಕರಾವಳಿಯವರಿಗೆ ಹೆಮ್ಮೆಯ ಸಂಗತಿ.

ಇನ್ನೊಂದು ಬಗೆಯ ಸ್ವಪ್ರತಿಕಾಯಗಳು ಯಾವ ಅಂಗವನ್ನೂ ಹೊಡೆಯದೆ ದೇಹದ ರಕ್ಷಣೆಯನ್ನೇ ಕಟ್ಟಿಹಾಕುತ್ತವೆ. ಕೋವಿಡ್‌ನಿಂದ ಪ್ರಾಣಾಪಾಯಕ್ಕೆ ಒಳಗಾದ 987 ಜನರನ್ನು 2020ರಲ್ಲಿ ಪರೀಕ್ಷಿಸಿದಾಗ 101 ಜನರಲ್ಲಿ, ವೈರಸ್ಸನ್ನು ತಡೆಯುವ ಇಂಟರ್‌ಫೆರಾನ್‌ಗಳ ವಿರುದ್ಧವೇ ಸ್ವಪ್ರತಿಕಾಯಗಳಿದ್ದವು. ಆ 101ರಲ್ಲಿ 95 ಜನ ಗಂಡಸರು. ಹೊಸ ತಂತ್ರಗಳಿಂದ ಸಾವಿರಾರು ಪ್ರೋಟೀನುಗಳನ್ನು ಒಂದೇ ಸಲಕ್ಕೆ ಪರೀಕ್ಷಿಸುವುದು ಸಾಧ್ಯವಾಗಿರುವುದರಿಂದ ಇಂಥವು ವರ್ಷವರ್ಷವೂ ಪತ್ತೆಯಾಗುತ್ತಿವೆ. ವಿಟಮಿನ್ ಬಿ12 ಮಿದುಳಿಗೆ ಸೇರುವುದನ್ನು ತಡೆಯುವ ಸ್ವಪ್ರತಿಕಾಯವೊಂದು 2024ರಲ್ಲಿ ವರದಿಯಾಯಿತು. ಅಂಥವರ ರಕ್ತದಲ್ಲಿ ಬಿ12 ಸರಿಯಾಗಿಯೇ ಇರುತ್ತದೆ. ನಮ್ಮಲ್ಲಿ ಬಿ12 ಕೊರತೆಯ ದೊಡ್ಡ ಕಾರಣ ಈಗಲೂ ಆಹಾರವೇ, ಅದನ್ನು ಮೊದಲು ಸರಿಪಡಿಸಿಕೊಳ್ಳೋಣ.

ಹಾಗಾದರೆ ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿಸಿಬಿಡೋಣವೇ? ಬೇಡ. ಲೆಕ್ಕಕ್ಕಾಗಿ, ಒಂದು ಕಾಯಿಲೆ ಸಾವಿರಕ್ಕೆ ಒಬ್ಬರಲ್ಲಿದೆ, ಪರೀಕ್ಷೆ ನೂರಕ್ಕೆ ಒಂದು ಸಲ ಮಾತ್ರ ಸುಳ್ಳು ಪಾಸಿಟಿವ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಸಾವಿರ ಜನರನ್ನು ಪರೀಕ್ಷಿಸಿದರೆ ನಿಜವಾದ ಒಬ್ಬರ ಜೊತೆ ಸುಳ್ಳಿನ ಹತ್ತು ಜನ ಬರುತ್ತಾರೆ. ಅಪರೂಪದ ಕಾಯಿಲೆ ಆದಷ್ಟೂ ಈ ಅನುಪಾತ ಕೆಡುತ್ತದೆ. ಲೈನ್ ಬ್ಲಾಟ್ ಎಂಬ ಪಟ್ಟಿಯ ಮೇಲೆ ಹತ್ತಾರು ಸ್ವಪ್ರತಿಕಾಯಗಳನ್ನು ಒಮ್ಮೆಗೇ ನೋಡುತ್ತಾರೆ, ಅದರಲ್ಲಿ ಬರುವ ಮಸುಕಾದ ಒಂದು ಗೆರೆಯನ್ನು ಕೈಯ ಬಿರುಕು, ಎದೆಯ ಸದ್ದು, ಸಿ.ಕೆ. ಪ್ರಮಾಣ ಇವು ಸಮರ್ಥಿಸದಿದ್ದರೆ ಅದಕ್ಕೆ ಚಿಕಿತ್ಸೆ ಕೊಡಬಾರದು. ರೋಗಿಯನ್ನು ನೋಡಿ ಸಂಶಯಪಟ್ಟು ಕೇಳಿದ ಪರೀಕ್ಷೆಗೆ ಮಾತ್ರ ಬೆಲೆ.

ಘಟ್ಟದ ಮೇಲಿನವರೂ ಕೆಳಗಿನವರೂ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ಅಲೆಯುವುದು ನಮಗೆಲ್ಲ ಗೊತ್ತಿರುವ ಸಂಕಟ. ಈ ವಿಷಯದಲ್ಲಿ ಒಂದು ಅನುಕೂಲವಿದೆ. ಸೀರಮ್ಮನ್ನು ಬೇರ್ಪಡಿಸಿ ತಂಪಿನಲ್ಲಿಟ್ಟು ಕಳುಹಿಸಿದರೆ ಕೆಲವು ದಿನ ಕೆಡುವುದಿಲ್ಲ, ಹಾಗಾಗಿ ಮೊದಲ ಹಂತದಲ್ಲಿ ಪ್ರಯಾಣ ಮಾಡಬೇಕಾದದ್ದು ಮಾದರಿಯೇ ಹೊರತು ರೋಗಿಯಲ್ಲ. ಆದರೆ ಇಮ್ಯುನೋಗ್ಲೋಬ್ಯುಲಿನ್ ಡ್ರಿಪ್ ಹಾಕುವ ಅಥವಾ ಪ್ಲಾಸ್ಮಾ ಬದಲಿಸುವ ಮೊದಲೇ ರಕ್ತ ತೆಗೆದಿಡಬೇಕು. ಡ್ರಿಪ್‌ನಲ್ಲಿ ದಾನಿಗಳ ಪ್ರತಿಕಾಯಗಳಿರುವುದರಿಂದ ಆಮೇಲಿನ ವರದಿ ದಾರಿ ತಪ್ಪಿಸುತ್ತದೆ. ಇಂಥ ಕಾಯಿಲೆಗಳಿಗೆ ಬಳಸುವ ರಿಟುಕ್ಸಿಮ್ಯಾಬ್ ಎಂಬ ಔಷಧ ಕೊಡುವ ಮುನ್ನ ಹೆಪಟೈಟಿಸ್ ಬಿ ಮತ್ತು ಕ್ಷಯದ ಪರೀಕ್ಷೆಯೂ ಆಗಿರಬೇಕು.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳ ಪೈಕಿ ಒಂದನ್ನು ಇಲ್ಲಿ ಸೇರಿಸುತ್ತಿದ್ದೇನೆ. ಹಿರಿಯ ತಾಯಿಯೊಬ್ಬರು ಎದ್ದು, “ಡಾಕ್ಟ್ರೇ, ಮಗಳಿಗೆ ಕೂದಲು ಉದುರುತ್ತದೆಯೆಂದು ತೋರಿಸಿದಾಗ ಎ.ಎನ್.ಎ. ಮಾಡಿಸಿದರು, 1:80 ಪಾಸಿಟಿವ್ ಬಂತು. ಬೇರೆ ಯಾವ ತ್ರಾಸೂ ಇಲ್ಲ. ಸಂಬಂಧ ನೋಡುತ್ತಿದ್ದೇವೆ, ಗಂಡಿನ ಕಡೆಯವರಿಗೆ ಏನು ಹೇಳುವುದು?” ಎಂದು ಕೇಳಿದರು. “ಅಮ್ಮಾ, ಆ ವರದಿಯಿಂದ ನಿಮ್ಮ ಮಗಳಿಗೆ ಕಾಯಿಲೆಯಿದೆ ಎಂದಾಗುವುದಿಲ್ಲ. ಕೀಲು ಊತ, ಬಿಸಿಲಿಗೆ ಮುಖ ಕೆಂಪಾಗುವುದು, ಬಾಯಿಹುಣ್ಣು, ಚಳಿಗೆ ಬೆರಳು ಬಿಳುಚುವುದು, ಇವು ಇವೆಯೇ ಎಂದು ಒಮ್ಮೆ ವೈದ್ಯರು ಕೂತು ಕೇಳಲಿ. ರಕ್ತಕಣಗಳ ಎಣಿಕೆ, ಮೂತ್ರದಲ್ಲಿ ಪ್ರೋಟೀನು, ಬಿ.ಪಿ. ನೋಡಲಿ. ಎಲ್ಲ ಸರಿಯಿದ್ದರೆ ಔಷಧ ಬೇಡ, ಎ.ಎನ್.ಎ.ಯನ್ನು ಮತ್ತೆ ಮತ್ತೆ ಮಾಡಿಸುವುದೂ ಬೇಡ, ಯಾರಿಗೂ ಹೇಳಬೇಕಾದ ಕಾಯಿಲೆ ಅವಳಿಗಿಲ್ಲ. ಕೂದಲಿಗೆ ಕಬ್ಬಿಣದಂಶ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ,” ಎಂದು ಉತ್ತರಿಸಿದೆ.